ಗೋಡೆಯ ಮೇಲಿನ ಕೋವಿ ಯಾರ ಹೆಸರಿನಲ್ಲಿದೆ?

ಸಹೋದರಿಯರೇ, ನಿಮ್ಮ ತವರುಮನೆಯೋ ಗಂಡನ ಮನೆಯೋ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಇದ್ದರೆ ಈ ಲೇಖನ ಓದುವ ಮೊದಲು ಒಮ್ಮೆ ಎದ್ದು ಹೋಗಿ ಜಗಲಿಯ ಗೋಡೆಯನ್ನು ನೋಡಿ ಬನ್ನಿ. ಅಲ್ಲಿ ಎರಡು ಮರದ ಗೂಟಗಳ ಮೇಲೆ ಉದ್ದನೆಯ ಹಳೆಯ ಕೋವಿಯೊಂದು ಮಲಗಿದೆಯೇ? ಇದ್ದರೆ ನನ್ನ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿ. ಅದರೊಳಗೆ ಈಡು ತುಂಬಿದೆಯೋ ಇಲ್ಲವೋ? ಅದರ ಮದ್ದು ಮನೆಯಲ್ಲಿ ಎಲ್ಲಿದೆ? ಅದರ ಲೈಸೆನ್ಸು ಯಾರ ಹೆಸರಿನಲ್ಲಿದೆ?

'ಅದು ಗಂಡಸರ ವಸ್ತು, ನಮಗೇಕೆ ಅದರ ಉಸಾಬರಿ' ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಮದ್ರಸದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿ, ಮಕ್ಕಳಿಗೆ ಪಾಠ ಹೇಳಿಕೊಂಡಿರುವ ನನಗೆ ಕೋವಿಯ ವಿಷಯ ಬರೆಯುವ ಕಾಲ ಬಂದೀತೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಆದರೆ 2023ರ ವಿಧಾನಸಭಾ ಚುನಾವಣೆಗೆ ಕೆಲವು ವಾರಗಳಿರುವಾಗ ಬಾಳಗಡಿ ಕಡೆಯಿಂದ ನನ್ನ ಮಾಮಿ ಫೋನ್ ಮಾಡಿದರು. ಧ್ವನಿ ನಡುಗುತ್ತಿತ್ತು.

"ಮೋಳೇ, ಠಾಣೆಯಿಂದ ಜನ ಬಂದಿದ್ದಾರೆ. ಕೋವಿ ಯಾಕೆ ತಂದಿಡಲಿಲ್ಲ ಅಂತ ಕೇಳ್ತಾರೆ. ಮಾಮ ತೀರಿಕೊಂಡಿದ್ದಾರೆ ಅಂದೆ. ಹಾಗಾದರೆ ಈ ಕೋವಿ ಈಗ ಯಾರದ್ದು ಅಂತಾರೆ. ನಾನೇನು ಹೇಳಲಿ?"

ಮಲೆನಾಡಿನವರಿಗೆ ಇದು ಗೊತ್ತಿರುವ ಪದ್ಧತಿ. ಚುನಾವಣೆ ಘೋಷಣೆಯಾದ ಕೂಡಲೇ ಲೈಸೆನ್ಸುದಾರರು ತಮ್ಮ ಕೋವಿಗಳನ್ನು ಠಾಣೆಯಲ್ಲಿ ಇಟ್ಟು ರಸೀದಿ ಪಡೆಯಬೇಕಾಗುತ್ತದೆ. ಕಾಡುಪ್ರಾಣಿಗಳ ಕಾಟ ಇರುವಾಗಲೇ ಕೋವಿ ಠಾಣೆಯಲ್ಲಿದ್ದರೆ ಬೆಳೆಯ ಗತಿಯೇನು ಎಂದು ರೈತರು ಪ್ರತಿ ಚುನಾವಣೆಯಲ್ಲೂ ಗೊಣಗುತ್ತಾರೆ, ಕೆಲವರು ಹೈಕೋರ್ಟಿನವರೆಗೂ ಹೋಗಿದ್ದಾರೆ. ಆ ಗೊಣಗಾಟದಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ನಮ್ಮ ಮಾಮಿಯ ಸಮಸ್ಯೆ ಬೇರೆ. ಮಾಮ 2021ರ ಮಳೆಗಾಲದಲ್ಲಿ ಮರ್ಹೂಂ ಆಗಿದ್ದರು. ಜಮೀನಿನ ಖಾತೆ, ಬ್ಯಾಂಕಿನ ಪುಸ್ತಕ, ಪಡಿತರ ಚೀಟಿ ಎಲ್ಲದರ ಹೆಸರು ಬದಲಾಯಿಸಲು ಓಡಾಡಿದ ನಾವು ಗೋಡೆಯ ಮೇಲಿದ್ದ ಕೋವಿಯನ್ನು ಮರೆತೇಬಿಟ್ಟಿದ್ದೆವು. ತಪ್ಪು ಸಂಪೂರ್ಣ ನಮ್ಮದೇ.

ಬಾಯಿಯಿಂದ ಉಣ್ಣುವ ಕೋವಿ

ಮೊದಲು ಈ ಕೋವಿ ಎಂದರೇನು ಎಂಬುದನ್ನು ತಿಳಿಯೋಣ. ಏಕೆಂದರೆ ಅದರ ಅಪಾಯವೆಲ್ಲ ಅದರ ರಚನೆಯಲ್ಲೇ ಇದೆ.

ನಮ್ಮ ಕಡೆ ಎರಡು ಬಗೆಯ ಕೋವಿಗಳಿವೆ. ಒಂದು ತೋಟೆ ಕೋವಿ. ಅದನ್ನು ನಡುವೆ ಮಡಚಿ ಹಿಂದಿನಿಂದ ತೋಟೆ ಇಡುತ್ತಾರೆ, ಬೇಡವಾದರೆ ಹಾಗೆಯೇ ಹೊರತೆಗೆಯುತ್ತಾರೆ. ಇನ್ನೊಂದು ಕೇಪಿನ ಕೋವಿ. ಅದು ಬಾಯಿಯಿಂದಲೇ ಉಣ್ಣುತ್ತದೆ. ನಳಿಗೆಯ ತುದಿಯಿಂದ ಕರಿಮದ್ದು ಸುರಿಯಬೇಕು, ಮೇಲೆ ತೆಂಗಿನ ನಾರಿನ ಉಂಡೆಯನ್ನೋ ಕಾಗದವನ್ನೋ ಹಾಕಿ ಗಜದಿಂದ ಇಡಿಯಬೇಕು, ಆಮೇಲೆ ಸೀಸದ ಚರೆ, ಮತ್ತೆ ಒಂದು ಉಂಡೆ, ಮತ್ತೆ ಗಜ. ಕೊನೆಗೆ ಹಿಂಬದಿಯಲ್ಲಿರುವ ಪುಟ್ಟ ಕೊಳವೆಯ ತಲೆಗೆ ಟೋಪಿಯಂತೆ ತಾಮ್ರದ ಕೇಪು ತೊಡಿಸಬೇಕು. ಟ್ರಿಗರ್ ಎಳೆದಾಗ ಕುದುರೆ ಬಂದು ಕೇಪಿನ ಮೇಲೆ ಬಡಿಯುತ್ತದೆ, ಕಿಡಿ ಕೊಳವೆಯಲ್ಲಿ ಇಳಿದು ಮದ್ದಿಗೆ ತಾಗುತ್ತದೆ. ಪೊಲೀಸರ ಮತ್ತು ಕಚೇರಿಯ ಕಾಗದದಲ್ಲಿ ಇದಕ್ಕೆ ಎಸ್‌.ಬಿ.ಎಂ.ಎಲ್. ಎನ್ನುತ್ತಾರೆ, ಅಂದರೆ ಒಂಟಿ ನಳಿಗೆಯ ಬಾಯಿ ತುಂಬುವ ಕೋವಿ. ಇದನ್ನು ರೈಫಲ್ ಎನ್ನುವವರಿದ್ದಾರೆ, ಅದು ಸರಿಯಲ್ಲ. ರೈಫಲಿನ ನಳಿಗೆಯೊಳಗೆ ಸುರುಳಿ ಸುತ್ತಿದ ಗೀರುಗಳಿರುತ್ತವೆ, ಗುಂಡು ತಿರುಗುತ್ತಾ ನೇರವಾಗಿ ದೂರ ಹೋಗುತ್ತದೆ. ನಮ್ಮ ಕೋವಿಯ ಒಳಮೈ ನುಣುಪು.

ಕೇಪಿನ ಕಥೆ ಸ್ವಾರಸ್ಯವಾಗಿದೆ. ಮೊದಲು ಬತ್ತಿ ಹೊತ್ತಿಸಿ ಹಾರಿಸುವ ಕೋವಿಗಳಿದ್ದವು, ನಂತರ ಚಕಮಕಿ ಕಲ್ಲಿನವು ಬಂದವು. ಚಕಮಕಿಯಲ್ಲಿ ಮೊದಲು ಹೊರಗೆ ಮಿಂಚಿದ ಮೇಲೆಯೇ ಈಡು ಹಾರುತ್ತಿತ್ತು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಚರ್ಚಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್‌ಗೆ ಹಕ್ಕಿ ಬೇಟೆಯ ಹುಚ್ಚು. ಮಿಂಚು ಕಂಡ ಹಕ್ಕಿಗಳು ಚರೆ ಬರುವ ಮೊದಲೇ ಹಾರಿಹೋಗುವುದನ್ನು ಕಂಡು ಬೇಸತ್ತ ಆತ, ಬಡಿದರೆ ಸಿಡಿಯುವ ರಾಸಾಯನಿಕದ ಉಪಾಯ ಕಂಡುಹಿಡಿದು 1807ರಲ್ಲಿ ಪೇಟೆಂಟ್ ಪಡೆದ. ಅದೇ ಮುಂದೆ ತಾಮ್ರದ ಕೇಪಾಯಿತು. ಹಕ್ಕಿಗಾಗಿ ಹೊರಟ ಉಪಾಯ ಕೆಲವೇ ದಶಕಗಳಲ್ಲಿ ಜಗತ್ತಿನ ಸೈನ್ಯಗಳ ಕೈಗೆ ಬಂತು.

ಈ ಕೋವಿಯ ಸ್ವಭಾವದಲ್ಲಿ ನೀವು ನೆನಪಿಡಬೇಕಾದದ್ದು ಒಂದಿದೆ. ಒಮ್ಮೆ ತುಂಬಿದ ಈಡನ್ನು ಸುಲಭವಾಗಿ ಹೊರತೆಗೆಯಲು ಬರುವುದಿಲ್ಲ. ಹಾರಿಸಬೇಕು, ಇಲ್ಲವೇ ಗಜದ ತುದಿಗೆ ತಿರುಪು ಸಿಕ್ಕಿಸಿ ಬಹಳ ನಾಜೂಕಾಗಿ ಎಳೆಯಬೇಕು. ಅದು ಬಲ್ಲವರ ಕೆಲಸ. ಹೀಗಾಗಿ ರಾತ್ರಿ ಗದ್ದೆ ಕಾಯಲು ಹೋದವರು, ಹಂದಿ ಬರದೇ ಹೋದರೆ, ಕೇಪು ಮಾತ್ರ ಕಿತ್ತು ಜೇಬಿಗೆ ಹಾಕಿಕೊಂಡು ತುಂಬಿದ ಕೋವಿಯನ್ನೇ ತಂದು ಗೋಡೆಗೆ ತೂಗು ಹಾಕುತ್ತಾರೆ. ಮದ್ದೂ ಚರೆಯೂ ದುಡ್ಡಿನದ್ದಲ್ಲವೇ, ಸುಮ್ಮನೆ ಯಾಕೆ ಹಾಳು ಮಾಡುವುದು! ನಾಳೆ ಬೇಕಾಗುತ್ತದೆ ಎಂದು ಇಟ್ಟದ್ದು ವಾರವಾಗುತ್ತದೆ, ತಿಂಗಳಾಗುತ್ತದೆ, ತುಂಬಿದವರಿಗೇ ಮರೆತುಹೋಗುತ್ತದೆ.

ಟಿಪ್ಪುವಿನ ಹುಲಿಮುಖದಿಂದ ನಮ್ಮ ಜಗಲಿಗೆ

ನಮ್ಮ ನಾಡಿಗೆ ಕೋವಿ ಹೊಸದಲ್ಲ. ಟಿಪ್ಪು ಸುಲ್ತಾನರ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಚಕಮಕಿ ಕೋವಿಗಳು ಹುಲಿಯ ಮುಖ, ಹುಲಿಪಟ್ಟೆಗಳ ಅಲಂಕಾರದಿಂದ ಇಂದಿಗೂ ಸಂಗ್ರಹಕಾರರ ಕಣ್ಣು ಸೆಳೆಯುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವು ಕೊಳ್ಳೆಯಾಗಿ ಇಂಗ್ಲೆಂಡ್ ಸೇರಿದವು. 2019ರಲ್ಲಿ ಅಲ್ಲಿನ ಬರ್ಕ್‌ಶೈರಿನ ಒಂದು ಮನೆಯ ಅಟ್ಟದಲ್ಲಿ ಸಿಕ್ಕ ಬೆಳ್ಳಿ ಕಟ್ಟಿನ ಒಂದು ಕೋವಿ ಹರಾಜಿನಲ್ಲಿ 60 ಸಾವಿರ ಪೌಂಡಿಗೆ ಹೋಯಿತು.

ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರ ಜುಲೈಯಲ್ಲಿ ಪಾಳುಬಾವಿಯೊಂದರ ಹೂಳು ತೆಗೆದಾಗ ಹದಿನೆಂಟನೇ ಶತಮಾನದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಿದವು. ಹೈದರಲಿ 1763ರಲ್ಲಿ ಗೆದ್ದ ಬಿದನೂರೇ ಈ ನಗರ. ಕಬ್ಬಿಣದ ಕೊಳವೆಯೊಳಗೆ ಗಿಡಿದು ತುಂಬಿದ ಕರಿಮದ್ದು, ಇಷ್ಟೇ ಆ ರಾಕೆಟ್. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಅದೇ ಮದ್ದನ್ನೇ ನಮ್ಮ ಮಾಮ ತಗಡಿನ ಡಬ್ಬಿಯಲ್ಲಿಟ್ಟಿದ್ದದ್ದು. ಶಿವಮೊಗ್ಗಕ್ಕೆ ಹೋದಾಗ ಮಕ್ಕಳನ್ನು ಶಿವಪ್ಪನಾಯಕ ಅರಮನೆಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿ, ತೋರಿಸಿ.

1857ರ ದಂಗೆಯ ಪಾಠವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹಸುವಿನ ಮತ್ತು ಹಂದಿಯ ಕೊಬ್ಬು ಸವರಿದ ತೋಟೆಯನ್ನು ಹಲ್ಲಿನಿಂದ ಕಚ್ಚಲು ಸಿಪಾಯಿಗಳು ಒಪ್ಪಲಿಲ್ಲ ಎಂದು. ಕಚ್ಚಬೇಕಿತ್ತು ಏಕೆ ಎಂದು ಯಾವ ಮಾಸ್ತರರೂ ನನಗೆ ಹೇಳಿರಲಿಲ್ಲ, ನಾನೂ ಮಕ್ಕಳಿಗೆ ಹೇಳಿರಲಿಲ್ಲ. ಎನ್‌ಫೀಲ್ಡ್ ರೈಫಲ್ ಕೂಡ ಬಾಯಿಯಿಂದ ತುಂಬುವ ಕೋವಿಯೇ. ಮದ್ದೂ ಗುಂಡೂ ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದವು. ಒಂದು ಕೈಯಲ್ಲಿ ಕೋವಿ ಹಿಡಿದವನು ಪೊಟ್ಟಣವನ್ನು ಹಲ್ಲಿನಿಂದ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಿತ್ತು. ಮಾಮಿಯ ಮನೆಯ ಕೋವಿಯನ್ನು ಹತ್ತಿರದಿಂದ ನೋಡಿದ ಮೇಲೆಯೇ ನನಗೆ ಆ ಪಾಠ ಪೂರ್ತಿ ಅರ್ಥವಾದದ್ದು.

ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವುದರಲ್ಲಿ ತೊಡಗಿದರು. ಲಾರ್ಡ್ ಲಿಟ್ಟನ್ ಕಾಲದ 1878ರ ಕಾಯ್ದೆ ಭಾರತೀಯನಿಗೆ ಲೈಸೆನ್ಸಿಲ್ಲದೆ ಕೋವಿ ಇರಕೂಡದೆಂದಿತು. ಕೊಡಗಿನವರಿಗೆ ಮಾತ್ರ 1861ರಲ್ಲೇ ವಿನಾಯಿತಿ ಸಿಕ್ಕಿತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇಂದಿಗೂ ಇದೆ, ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದೆ, ಅದರ ವಿರುದ್ಧದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಕೊಡಗಿನಲ್ಲಿ ಹಾಗಿದೆಯಲ್ಲ ಎಂದು ಕೊಪ್ಪದಲ್ಲಿ ಕುಳಿತವರು ವಾದಿಸುವುದನ್ನು ನಾನು ಕೇಳಿದ್ದೇನೆ. ಆ ವಿನಾಯಿತಿ ನಮಗೆ ಅನ್ವಯಿಸುವುದಿಲ್ಲ.

ಬೆಳೆ ಕಾಯಲು, ಕೊಲ್ಲಲು ಅಲ್ಲ

ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯಲ್ಲಿ ನಮ್ಮ ಈ ಬಡ ಕೋವಿಗೊಂದು ವಿಶೇಷ ಸ್ಥಾನವಿದೆ. ಕಾಯ್ದೆಯ 13ನೆಯ ಕಲಮು ಬೆಳೆ ರಕ್ಷಣೆಗೆ ನಿಜವಾಗಿಯೂ ಬೇಕಾಗಿದ್ದರೆ ಬಾಯಿ ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕೆಂದು ಹೆಸರಿಸಿಯೇ ಹೇಳುತ್ತದೆ. ಮಲೆನಾಡಿನ ಮನೆಗಳಲ್ಲಿ ಈ ಕೋವಿಗಳು ಉಳಿದುಕೊಂಡಿರುವುದರ ಒಂದು ಕಾರಣ ಅದು. ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ, ಕಾಫಿಗೆ ಕಾಟಿ. ರಾತ್ರಿ ಮಾಳದಲ್ಲಿ ಕುಳಿತು ಕಾಯುವವನಿಗೆ ಕೋವಿಯ ಸದ್ದೇ ದೊಡ್ಡ ಆಸರೆ. ನಮ್ಮ ಮಾಮ ಹೆಚ್ಚಿನ ಸಲ ಚರೆಯಿಲ್ಲದೆ ಬರೀ ಮದ್ದು ತುಂಬಿ ಆಕಾಶಕ್ಕೆ ಹಾರಿಸುತ್ತಿದ್ದರು. ಗುಡ್ಡದಿಂದ ಗುಡ್ಡಕ್ಕೆ ಸದ್ದು ಹೊರಳಿ ಹೋದರೆ ಮಂಗಗಳು ಎರಡು ದಿನ ಈ ಕಡೆ ಬರುತ್ತಿರಲಿಲ್ಲ.

ಆದರೆ ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಕೊಲ್ಲುವುದು ಅಪರಾಧ. ಬೆಳೆಗೆ ಹಾನಿ ಮಾಡುವ ಪ್ರಾಣಿಯ ವಿಷಯದಲ್ಲೂ ಅಧಿಕಾರಿಯ ಲಿಖಿತ ಅನುಮತಿ ಬೇಕು. ಕಾಟಿ ಮತ್ತು ನವಿಲು ಅತ್ಯಂತ ಹೆಚ್ಚು ರಕ್ಷಣೆ ಇರುವ ಮೊದಲ ಪಟ್ಟಿಯಲ್ಲಿವೆ. 'ನಮ್ಮ ಅಜ್ಜ ಹೊಡೆಯುತ್ತಿದ್ದರು' ಎಂಬುದು ನ್ಯಾಯಾಲಯದಲ್ಲಿ ನಡೆಯುವ ಮಾತಲ್ಲ.

ಈ ವಿಷಯ ಬಂದಾಗ ಕೆಲವು ಸಹೋದರಿಯರು ಮಸ್‌ಅಲ ಕೇಳುತ್ತಾರೆ: ಕೋವಿಯಿಂದ ಹೊಡೆದದ್ದು ಹಲಾಲ್ ಆಗುತ್ತದೆಯೇ? ಪೆಟ್ಟಿನಿಂದ ಸತ್ತ ಪ್ರಾಣಿ ನಿಷಿದ್ಧವೆಂದು ಸೂರಃ ಅಲ್ ಮಾಇದಃದಲ್ಲಿದೆ. ಚೂಪಾದ ಆಯುಧ ಚುಚ್ಚಿ ರಕ್ತ ಹರಿಸುವುದು ಬೇರೆ, ಸೀಸದ ಚರೆ ಬಡಿದು ಕೊಲ್ಲುವುದು ಬೇರೆ ಎಂದು ನಮ್ಮ ಕಡೆಯ ಉಲಮಾಗಳು ವಿವರಿಸುತ್ತಾ ಬಂದಿದ್ದಾರೆ. ಆದ್ದರಿಂದಲೇ ಹಿಂದಿನ ಕಾಲದವರು ಕೋವಿಯ ಜೊತೆ ಕತ್ತಿಯನ್ನೂ ಒಯ್ಯುತ್ತಿದ್ದರು, ಜೀವವಿರುವಾಗಲೇ ಓಡಿಹೋಗಿ ಝಬಹ್ ಮಾಡುತ್ತಿದ್ದರು. ಬೇಟೆಯೇ ಅಪರಾಧವಾಗಿರುವ ಇಂದು ಇದು ಹಳೆಯ ಮಾತು. ಯಾರಾದರೂ ರಾತ್ರೋರಾತ್ರಿ ಮಾಂಸ ತಂದುಕೊಟ್ಟರೆ ಹಲಾಲೋ ಹರಾಮೋ ಎಂದು ಕೇಳುವುದಕ್ಕಿಂತ ಮೊದಲು, ಅದನ್ನು ನಿಮ್ಮ ಒಲೆಯ ಮೇಲಿಟ್ಟರೆ ನೀವೂ ಆ ಅಪರಾಧದಲ್ಲಿ ಸೇರಿಕೊಳ್ಳುತ್ತೀರಿ ಎಂಬುದನ್ನು ತಿಳಿದಿರಿ.

ಅಡುಗೆಮನೆಯ ಅಟ್ಟದಲ್ಲಿ ಮದ್ದು

ಈಗ ಮನೆಯೊಳಗೆ ಬರೋಣ. ಮಲೆನಾಡಿನ ಮಳೆ ನಿಮಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪು ನೀರಾಗುತ್ತದೆ, ಬೆಂಕಿಪೆಟ್ಟಿಗೆ ಮೆತ್ತಗಾಗುತ್ತದೆ, ಒಗೆದ ಬಟ್ಟೆ ಒಲೆಯ ಮೇಲೆ ಒಣಗಬೇಕು. ಕರಿಮದ್ದಿಗೂ ತೇವ ಆಗದು. ಹಾಗಾಗಿ ನಮ್ಮ ಮಾಮ ಮದ್ದಿನ ಡಬ್ಬಿಯನ್ನು ಎಲ್ಲಿಡುತ್ತಿದ್ದರು ಗೊತ್ತೇ? ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಹುಣಸೆಹಣ್ಣಿನ ಭರಣಿಯ ಪಕ್ಕ! ಮಾಮಿ ದಿನವೂ ಅದರ ಕೆಳಗೆ ನಿಂತು ರೊಟ್ಟಿ ತಟ್ಟುತ್ತಿದ್ದರು.

ಒಂದು ಸಲ ಮಾಮ ಒಲೆಯ ಎದುರು ಕುಳಿತು ಮದ್ದನ್ನು ಕಾಗದದ ಮೇಲೆ ಹರವಿ ಕಾಯಿಸುತ್ತಿದ್ದರಂತೆ. ಒಲೆಯಿಂದ ಒಂದು ಕಿಡಿ ಹಾರಿತು. ಒಂದು ಹಿಡಿಯಷ್ಟೇ ಮದ್ದು, ಸದ್ದೂ ಹೆಚ್ಚಿಲ್ಲ, ಭಗ್ಗನೆ ಹೊತ್ತಿ ಆರಿತು. ಸ್ಥಳವಿಲ್ಲದ ನಳಿಗೆಯಲ್ಲಿ ಸಿಡಿಯುವ ಮದ್ದು ಬಯಲಲ್ಲಿ ಬರೀ ಉರಿಯುತ್ತದೆ. ಆದರೆ ಆ ಉರಿಗೆ ಪಕ್ಕದಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದ ಮಾಮಿಯ ಬಲಗೈ ಮೊಣಕೈವರೆಗೆ ಸುಟ್ಟಿತು. ಆ ಗುರುತು ಇಂದಿಗೂ ಇದೆ. ನಾನು ಚಿಕ್ಕವಳಿದ್ದಾಗ ಕೇಳಿದರೆ 'ಎಣ್ಣೆ ಸಿಡಿದದ್ದು' ಎನ್ನುತ್ತಿದ್ದರು. ನಿಜ ಹೇಳಿದ್ದು ಮಾಮ ತೀರಿಕೊಂಡ ಮೇಲೆ.

ಇನ್ನೊಂದು ನನ್ನ ಕಣ್ಣೆದುರೇ ನಡೆದದ್ದು. ಬೇಸಿಗೆ ರಜೆಯಲ್ಲಿ ನಾವೆಲ್ಲ ಮಕ್ಕಳು ಮಾಮನ ಮನೆ ಸೇರಿದ್ದೆವು. ಮಧ್ಯಾಹ್ನ ಹಿರಿಯರು ಮಲಗಿದ್ದಾಗ ಮಾಮನ ದೊಡ್ಡ ಮಗ ಸ್ಟೂಲು ಹಾಕಿ ಕೋವಿ ಇಳಿಸಿದ. ಹತ್ತೋ ಹನ್ನೊಂದೋ ವಯಸ್ಸು. ನನ್ನ ಕಡೆ ಹಿಡಿದು 'ಠೋ' ಎಂದ. ಕುದುರೆಯನ್ನು ಹಿಂದಕ್ಕೆಳೆಯಲು ಅವನ ಹೆಬ್ಬೆರಳಿಗೆ ಬಲ ಸಾಲದೆ ಎರಡೂ ಕೈ ಹಾಕಿದ. ಅಷ್ಟರಲ್ಲಿ ಅಂಗಳದಿಂದ ಬಂದ ಮಾಮಿಯ ಕೂಗಿಗೆ ಇಡೀ ಮನೆ ಎದ್ದಿತು. ಮಾಮ ಬಂದು ಅವನಿಗೆ ಎರಡು ಕೊಟ್ಟರು. ಆಮೇಲೆ ಕೋವಿಯನ್ನು ತೋಟದ ಧರೆಯ ಬಳಿ ಒಯ್ದು, ಜೇಬಿನಿಂದ ಕೇಪು ತೆಗೆದು ತೊಡಿಸಿ, ಮಣ್ಣಿಗೆ ಗುರಿಯಿಟ್ಟು ಟ್ರಿಗರ್ ಎಳೆದರು. ಈಡು ಹಾರಿತು. ಮಣ್ಣು ಸಿಡಿಯಿತು. ಗದ್ದೆ ಕೊಯ್ಲಿಗೆ ಮೊದಲು ತುಂಬಿದ್ದ ಈಡು ಅದು, ಮೂರು ನಾಲ್ಕು ತಿಂಗಳಾಗಿತ್ತು. ಆ ಹೊತ್ತಿನಲ್ಲಿ ಮಾಮನ ಮುಖ ಹೇಗಿತ್ತು ಎಂಬುದು ನನಗೆ ನೆನಪಿದೆ.

ಆಟಕ್ಕಾಗಲಿ ಹೆದರಿಸಲಿಕ್ಕಾಗಲಿ ಸಹೋದರನೆಡೆಗೆ ಆಯುಧ ತೋರಿಸಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ, ಶೈತಾನನು ಅದನ್ನು ಅವನ ಕೈಯಿಂದ ಜಾರಿಸಿಬಿಡಬಹುದೆಂಬ ಎಚ್ಚರಿಕೆಯೊಂದಿಗೆ. ಮದ್ರಸದಲ್ಲಿ ಈ ಹದೀಸ್ ಓದುವಾಗ ನನಗೆ ಕತ್ತಿ ಕಠಾರಿಗಳು ನೆನಪಾಗುತ್ತಿರಲಿಲ್ಲ, ಆ ಮಧ್ಯಾಹ್ನವೇ ನೆನಪಾಗುತ್ತಿತ್ತು. ಮಲೆನಾಡಿನ ಪತ್ರಿಕೆಗಳ ಜಿಲ್ಲಾ ಪುಟ ಓದುವವರಿಗೆ 'ಆಕಸ್ಮಿಕವಾಗಿ ಕೋವಿ ಸಿಡಿದು ಸಾವು' ಎಂಬ ಸುದ್ದಿ ಹೊಸದಲ್ಲ. ಒಂದೇ ಮನೆಯವರು, ಒಂದೇ ಊರಿನವರು.

ತುಂಬಿದೆಯೋ ಇಲ್ಲವೋ ಎಂದು ತಿಳಿಯುವ ಉಪಾಯ ಹಳೆಯವರಿಗೆ ಗೊತ್ತಿತ್ತು. ಖಾಲಿ ನಳಿಗೆಯೊಳಗೆ ಗಜ ಇಳಿಸಿದರೆ ಅದು ತಳಕ್ಕೆ ಹೋಗಿ ಠಣ್ ಎನ್ನುತ್ತದೆ. ಆಗ ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೊಂದು ಗೀರು ಹಾಕಿಡುತ್ತಾರೆ. ತುಂಬಿದ್ದರೆ ಗಜ ಮೆತ್ತಗೆ ಕೂರುತ್ತದೆ, ಗೀರು ನಾಲ್ಕು ಬೆರಳು ಮೇಲೆ ನಿಲ್ಲುತ್ತದೆ. ಈಡಿನ ಮೇಲೆ ಈಡು ತುಂಬಿ ನಳಿಗೆ ಒಡೆದು ಕೈ ಕಳೆದುಕೊಂಡವರು ಈ ಗೀರನ್ನು ನೋಡದವರೇ. ಕೇಪು ಸಿಡಿದು ಈಡು ಹಾರದಿದ್ದರೂ ಕೂಡಲೇ ಕೋವಿ ಇಳಿಸಬಾರದು, ಒಳಗೆ ಕಿಡಿ ಹೊಗೆಯಾಡುತ್ತಿದ್ದು ಕ್ಷಣಗಳ ನಂತರ ಹಾರುವುದುಂಟು. ಇದನ್ನು ನೀವು ಮಾಡಿ ನೋಡಿ ಎಂದು ನಾನು ಬರೆಯುತ್ತಿಲ್ಲ. ಲೈಸೆನ್ಸ್ ಇರುವವರ ಕೈಯಲ್ಲಿ, ನಿಮ್ಮೆದುರು ಮಾಡಿಸಿ ಎನ್ನುತ್ತಿದ್ದೇನೆ.

ಆಚಾರ್ರ ಕುಲುಮೆ ಮತ್ತು ಇಂದಿನ ಕಾನೂನು

ಈ ಕೋವಿಗಳ ಮೇಲೆ ಗಂಡಸರಿಗೆ ಏಕಿಷ್ಟು ಮೋಹ ಎಂದು ನೀವು ಕೇಳಬಹುದು. ಅದರಲ್ಲಿ ಅಂದವಿಲ್ಲದಿಲ್ಲ. ಬೀಟೆ ಮರದ ಹಿಡಿ ಎಣ್ಣೆ ಕುಡಿದು ಹೊಳೆಯುತ್ತಿರುತ್ತದೆ. ಕೆಲವು ಹಳೆಯ ವಿಲಾಯತಿ ಕೋವಿಗಳ ನಳಿಗೆಯ ಮೇಲೆ ನೀರಿನ ಅಲೆಯಂತಹ ಗೆರೆಗಳಿರುತ್ತವೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಸುತ್ತಿ ಬೆಸೆದ ನಳಿಗೆ ಅದು, ಡಮಾಸ್ಕಸ್ ಎನ್ನುತ್ತಾರೆ. ಡಮಾಸ್ಕಸ್ ಖಡ್ಗಗಳ ಹೆಸರನ್ನು ಅದಕ್ಕೆ ಎರವಲು ಪಡೆದದ್ದು. ಆ ಖಡ್ಗಗಳ ಉಕ್ಕು ದಕ್ಷಿಣ ಭಾರತದಿಂದ ಹೋಗುತ್ತಿತ್ತು, ಅದಕ್ಕೆ ಯುರೋಪಿನವರು ಇಟ್ಟ 'ವೂಟ್ಸ್' ಎಂಬ ಹೆಸರು ನಮ್ಮ ಕನ್ನಡದ 'ಉಕ್ಕು' ಶಬ್ದದಿಂದಲೇ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಕಿರೀಟ ಮತ್ತು ಅದರ ಕೆಳಗೆ ಅಡ್ಡವಾಗಿ ಇಟ್ಟ ಎರಡು ದಂಡಗಳ ಮುದ್ರೆ ಕಂಡರೆ ಅದು ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದ ನಳಿಗೆ. ನಮ್ಮ ದೇಶದ ಕೋವಿಗಳಲ್ಲಿ ಬಿಹಾರದ ಮುಂಗೇರಿನವು ಹೆಸರಾದವು. ಬಂಗಾಳದ ನವಾಬ ಮೀರ್ ಕಾಸಿಂ 1760ರ ದಶಕದಲ್ಲಿ ತನ್ನ ರಾಜಧಾನಿಯನ್ನು ಅಲ್ಲಿಗೆ ಒಯ್ದು ಕೋವಿ ಕಾರ್ಖಾನೆ ತೆರೆದ ದಿನಗಳಿಂದ ಆ ಊರಿಗೆ ಆ ಕಸುಬು ಅಂಟಿಕೊಂಡಿತು.

ರಿಪೇರಿಯ ವಿಷಯಕ್ಕೆ ಬರೋಣ. ಕರಿಮದ್ದು ಸುಟ್ಟ ನಂತರ ನಳಿಗೆಯಲ್ಲಿ ಉಳಿಯುವ ಮಸಿ ಗಾಳಿಯ ತೇವವನ್ನು ಹೀರುತ್ತದೆ, ರಾತ್ರಿ ಕಳೆಯುವುದರೊಳಗೆ ತುಕ್ಕು ಹತ್ತಲು ಶುರು. ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆದು, ಒರೆಸಿ, ಒಣಗಿಸಿ ಎಣ್ಣೆ ಸವರಬೇಕು. ಬಚ್ಚಲಿನ ಹಂಡೆಯಿಂದ ಆ ನೀರು ಕಾಯಿಸಿ ಕೊಡುತ್ತಿದ್ದವರು ಯಾರು? ಮಾಮಿಯೇ. ತೊಳೆಯದೆ ಬಿಟ್ಟ ನಳಿಗೆಯ ಒಳಗೋಡೆ ಹುಳ ತಿಂದಂತೆ ತೂತುಗಟ್ಟಿ ತೆಳುವಾಗುತ್ತದೆ, ಒಂದು ದಿನ ಒಡೆಯುತ್ತದೆ. ಕೇಪಿನ ಕೊಳವೆಯ ತೂತು ಸವೆದು ಅಗಲವಾಗುತ್ತದೆ, ಆಗ ಬೆಂಕಿ ಹಿಂದಕ್ಕೆ, ಹಾರಿಸುವವನ ಕಣ್ಣಿನ ಕಡೆಗೆ ಉಗಿಯುತ್ತದೆ. ಕುದುರೆಯ ಸ್ಪ್ರಿಂಗು ಸಡಿಲವಾದರೆ ಅರ್ಧ ಎಳೆದಲ್ಲಿ ನಿಲ್ಲದೆ ಜಾರುತ್ತದೆ. ಆಕಸ್ಮಿಕ ಎನಿಸಿಕೊಂಡ ಎಷ್ಟೋ ಸಾವುಗಳ ಹಿಂದೆ ಇಂತಹದ್ದೇ ಒಂದು ಸಡಿಲ ಸ್ಪ್ರಿಂಗು ಇರುತ್ತದೆ.

ಹಿಂದೆ ಇದನ್ನೆಲ್ಲ ಊರಿನ ಆಚಾರ್ರು ಕುಲುಮೆಯಲ್ಲಿ ಸರಿಮಾಡಿ ಕೊಡುತ್ತಿದ್ದರು. ನೇಗಿಲ ಗುಳ, ಕತ್ತಿ, ಕೋವಿ ಎಲ್ಲವೂ ಅವರಿಗೆ ಒಂದೇ. ಈಗ ಹಾಗಿಲ್ಲ. ಕೋವಿ ತಯಾರಿಸಲು ಮಾತ್ರವಲ್ಲ, ರಿಪೇರಿ ಮಾಡಲೂ ಪ್ರತ್ಯೇಕ ಲೈಸೆನ್ಸ್ ಬೇಕೆಂದು ಕಾಯ್ದೆಯ 5ನೆಯ ಕಲಮು ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ಈ ಕೆಲಸ ಮಾಡಿದವನಿಗೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಸಜೆಯಾಗಬಹುದು. ಹತ್ತು ರೂಪಾಯಿಯ ಸ್ಪ್ರಿಂಗಿಗಾಗಿ ಒಬ್ಬ ಬಡ ಕಮ್ಮಾರನ ಸಂಸಾರವನ್ನು ಬೀದಿಗೆ ತರಬಾರದು. ಪರವಾನಗಿ ಇರುವ ಬಂದೂಕಿನ ಅಂಗಡಿಗೇ ಒಯ್ಯಬೇಕು.

ಸಂಗ್ರಹದ ಹವ್ಯಾಸದವರೂ ಕೇಳಿ. 'ಇದು ನೂರು ವರ್ಷ ಹಳೆಯದು, ಶೋಕೇಸಿನ ವಸ್ತು, ಲೈಸೆನ್ಸ್ ಬೇಡ' ಎನ್ನುವವರಿದ್ದಾರೆ. ಹಳೆಯದಾಗಿದ್ದರೆ ಸಾಲದು. ಹಾಗೆಯೇ ಆಗಲಿ, ರಿಪೇರಿ ಮಾಡಿಯಾಗಲಿ, ಅದರಿಂದ ಈಡು ಹಾರಿಸಲು ಸಾಧ್ಯವೇ ಇಲ್ಲ ಎಂಬಂತಿದ್ದರೆ ಮಾತ್ರ ಕಾಯ್ದೆ ಬಿಡುತ್ತದೆ. ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆಯನ್ನೂ 2019ರಲ್ಲಿ ಮೂರರಿಂದ ಎರಡಕ್ಕೆ ಇಳಿಸಲಾಗಿದೆ, ಪಿತ್ರಾರ್ಜಿತವಾಗಿ ಬಂದದ್ದೂ ಆ ಲೆಕ್ಕದಲ್ಲೇ ಸೇರುತ್ತದೆ.

ಲೈಸೆನ್ಸ್ ಮನೆಗಲ್ಲ, ವ್ಯಕ್ತಿಗೆ

ಮಾಮಿಯ ಪ್ರಶ್ನೆಗೆ ಮರಳೋಣ. ಕೋವಿ ಈಗ ಯಾರದ್ದು?

ಫರಾಇಝ್ ಪ್ರಕಾರ ಮಾಮ ಬಿಟ್ಟುಹೋದ ಎಲ್ಲದರಲ್ಲೂ ವಾರಸುದಾರರಿಗೆ ಪಾಲಿದೆ. ಮಕ್ಕಳಿರುವುದರಿಂದ ಮಾಮಿಗೆ ಎಂಟನೆಯ ಒಂದು ಪಾಲು. ಕೋವಿಯ ಬೆಲೆಯೂ ಆ ಲೆಕ್ಕಕ್ಕೆ ಸೇರುತ್ತದೆ. ಆದರೆ ಬೆಲೆಯಲ್ಲಿ ಪಾಲಿರುವುದು ಬೇರೆ, ವಸ್ತುವನ್ನು ಇಟ್ಟುಕೊಳ್ಳುವ ಹಕ್ಕು ಬೇರೆ. ಲೈಸೆನ್ಸ್ ಮಾಮನ ಹೆಸರಿನಲ್ಲಿತ್ತು, ಅವರ ಜೊತೆಗೇ ಅದು ಮುಗಿಯಿತು. ಆ ನಂತರ ಗೋಡೆಯ ಮೇಲಿದ್ದದ್ದು ಕಾನೂನಿನ ಕಣ್ಣಿನಲ್ಲಿ ಲೈಸೆನ್ಸಿಲ್ಲದ ಆಯುಧ. ಹಾಗೆ ಇಟ್ಟುಕೊಂಡವರಿಗೆ 2 ವರ್ಷದಿಂದ 5 ವರ್ಷದವರೆಗೆ ಸಜೆಯಿದೆ. ಇದ್ದತ್ ಮುಗಿಸಿ ಮೊಮ್ಮಕ್ಕಳನ್ನು ನೋಡಿಕೊಂಡಿದ್ದ ಮಾಮಿಗೆ ಇದನ್ನು ಹೇಗೆ ಹೇಳುವುದು!

ಮಾಡಬೇಕಾದದ್ದು ಕಷ್ಟವೇನಲ್ಲ. ಲೈಸೆನ್ಸುದಾರರು ತೀರಿಕೊಂಡರೆ ತಡಮಾಡದೆ ಕೋವಿಯನ್ನು ಹತ್ತಿರದ ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಇಟ್ಟು ರಸೀದಿ ಪಡೆಯಬೇಕು. ಠಾಣೆಗೆ ಕೊಟ್ಟರೆ ಹೋಯಿತೆಂದು ಹೆದರಬೇಡಿ. ವಾರಸುದಾರರು ಹೊಸ ಲೈಸೆನ್ಸ್ ಪಡೆದು ಅದನ್ನು ಹಿಂಪಡೆಯಬಹುದು, ಅಥವಾ ಕಾನೂನುಬದ್ಧವಾಗಿ ಮಾರಿ ಹಣ ಹಂಚಿಕೊಳ್ಳಬಹುದು. ಆದರೆ ವರ್ಷಗಟ್ಟಲೆ ತಿರುಗಿ ನೋಡದಿದ್ದರೆ ಸರಕಾರಕ್ಕೆ ಸೇರುತ್ತದೆ. ವಾರಸುದಾರರಲ್ಲಿ 21 ತುಂಬಿದ ಯಾರೂ, ಹೆಣ್ಣುಮಕ್ಕಳೂ, ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬಹುದು. ಉಳಿದವರ ಒಪ್ಪಿಗೆ ಬೇಕು. 2016ರ ಆಯುಧ ನಿಯಮಗಳಲ್ಲಿ ಇನ್ನೂ ಒಂದು ಸೌಕರ್ಯವಿದೆ: ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಅವರು 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಬಹುದು. ಮನೆಯಲ್ಲಿ ವಯಸ್ಸಾದ ಮಾವನವರಿದ್ದರೆ ಈ ಮಾತನ್ನು ಮೆಲ್ಲಗೆ ಎತ್ತಿ. ಲೈಸೆನ್ಸಿನ ಅವಧಿ ಈಗ 5 ವರ್ಷ. ಕೊನೆಯ ಸಲ ನವೀಕರಿಸಿದ್ದು ಯಾವಾಗ, ಅದರಲ್ಲಿ ಯುಐಎನ್ ಎಂಬ ರಾಷ್ಟ್ರೀಯ ಗುರುತು ಸಂಖ್ಯೆ ಇದೆಯೇ ಎಂದೂ ನೋಡಿ.

ನಮ್ಮ ವಿಷಯದಲ್ಲಿ ಅಲ್ಲಾಹನ ಕೃಪೆ. ಬಂದ ಪೊಲೀಸರು ಮಾಮಿಯ ಸ್ಥಿತಿ ನೋಡಿ, ಮರಣ ಪ್ರಮಾಣಪತ್ರದ ಜೊತೆ ಕೋವಿ ತಂದೊಪ್ಪಿಸಲು ಹೇಳಿ ಹೋದರು. ಮಾಮನ ದೊಡ್ಡ ಮಗ ಗಲ್ಫಿನಲ್ಲಿದ್ದಾನೆ, ಅಂದು ನನ್ನ ಕಡೆ ಕೋವಿ ಹಿಡಿದವನು. ಚಿಕ್ಕವನು ತೋಟ ನೋಡಿಕೊಳ್ಳುತ್ತಾನೆ. ಮರುದಿನ ಅವನು, ನಾನು, ಕೋವಿಯ ವಿಷಯ ಬಲ್ಲ ನೆರೆಮನೆಯ ಹಿರಿಯರೊಬ್ಬರು ಠಾಣೆಗೆ ಹೊರಟೆವು. ಅವರು ಲೈಸೆನ್ಸುದಾರರು. ಹೊರಡುವ ಮೊದಲು ಅಂಗಳದಲ್ಲಿ ಕೋವಿಯ ಬಾಯಿಯನ್ನು ಧರೆಯ ಕಡೆ ಮಾಡಿ ಗಜ ಇಳಿಸಿದರು.

ಠಣ್ ಎನ್ನಲಿಲ್ಲ. ಗೀರು ನಾಲ್ಕು ಬೆರಳು ಮೇಲೆ ನಿಂತಿತು.

ಮಾಮ ಕೊನೆಯದಾಗಿ ತುಂಬಿದ ಈಡು. ಸುಮಾರು ಎರಡು ವರ್ಷದಿಂದ ಅದು ಅಲ್ಲೇ ಇತ್ತು. ಆ ಗೋಡೆಯ ಕೆಳಗೇ ಮೊಮ್ಮಗುವಿನ ತೊಟ್ಟಿಲು. ಮಾಮಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿದೆವು. ಅವರು ಬಲ್ಲವರನ್ನು ಕಳುಹಿಸಿ ಈಡು ಖಾಲಿ ಮಾಡಿಸಿ ಒಯ್ದರು. ಅಟ್ಟದ ಮೇಲಿದ್ದ ಮದ್ದಿನ ಡಬ್ಬಿಯನ್ನೂ ಅಂದೇ ಕೊಟ್ಟುಬಿಟ್ಟೆವು.

ಮುಂದಿನ ವರ್ಷ ಚಿಕ್ಕವನ ಹೆಸರಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಆಯಿತು. ಅಂಗಡಿಯಲ್ಲಿ ಕೇಪಿನ ಕೊಳವೆ ಬದಲಾಯಿಸಿ, ಕುದುರೆಯ ಸ್ಪ್ರಿಂಗು ಹೊಸದು ಹಾಕಿಸಿ ತಂದ. ಮಾರಿಬಿಡು ಎಂದು ನಾನು ಹೇಳಿ ನೋಡಿದೆ, ಕೇಳಲಿಲ್ಲ. ಮಂಗಗಳು ಕೇಳಬೇಕಲ್ಲ ಎಂದ. ಅವನದ್ದೂ ನಿಜ. ಮಾಮಿ ಮಾತ್ರ ಎರಡು ಷರತ್ತು ಹಾಕಿದ್ದಾರೆ. ಕೋವಿ ಗೋಡೆಗೆ ಹತ್ತಬಾರದು, ಬೀಗ ಹಾಕಿದ ಕಬ್ಬಿಣದ ಕಪಾಟಿನಲ್ಲಿರಬೇಕು, ಬೀಗದ ಕೈ ಅವನ ಸೊಂಟದಲ್ಲೇ ಇರಬೇಕು. ಮತ್ತೆ, ತೋಟದಿಂದ ಬಂದವನು ಅಂಗಳದಲ್ಲೇ ನಿಂತು, ಧರೆಯ ಕಡೆ ತಿರುಗಿ, ಗಜ ಇಳಿಸಿ ಠಣ್ ಎನ್ನಿಸಿಯೇ ಮೆಟ್ಟಿಲು ಹತ್ತಬೇಕು. ಮಾಮಿ ಒಳಗೆ ಒಲೆಯ ಮುಂದೆ ಕುಳಿತೇ ಆ ಸದ್ದಿಗೆ ಕಿವಿಗೊಡುತ್ತಾರೆ. ಕೇಳಿಸದಿದ್ದರೆ "ಇನ್ನೊಮ್ಮೆ" ಎನ್ನುತ್ತಾರೆ.